ದನದ ಪಾಲು ಎತ್ತಿಡುವ ಪೋಸ್ಟರ್ ಬಚ್ಚಪ್ಪ

ಯಲ್ದೂರಿನಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಆವಲಮ್ಮನವರ ಮನೆಯ ಬೀದಿಗೋಡೆಯ ಮುಂದೆ ಬಚ್ಚಪ್ಪ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಹ್ಯಾಂಡಲ್ಲಿಗೆ ನೇತುಹಾಕಿದ್ದ ಡಬ್ಬ ಇಳಿಸುತ್ತಾರೆ. ಡಬ್ಬದಲ್ಲಿ ಮೈದಾಹಿಟ್ಟು ಕುದಿಸಿ ಮಾಡಿದ ಅಂಟು, ಇನ್ನೂ ಹಬೆಯಾಡುತ್ತಿದೆ. ಅವರ ಬೆನ್ನ ಹಿಂದೆ ಮೂರು ಮಾರು ದೂರದಲ್ಲಿ ಕೆಂದ ಹಸುವೊಂದು ನಿಂತಿದೆ. ಅದಕ್ಕೆ ಅವಸರವಿಲ್ಲ. ಅಂಟಿಸುವುದು ಬಚ್ಚಪ್ಪನವರ ಕೆಲಸ, ತಿನ್ನುವುದು ತನ್ನದು ಎಂಬ ತಿಳುವಳಿಕೆ ಅದರ ಮುಖದಲ್ಲಿ ಎದ್ದು ಕಾಣುತ್ತದೆ.

ಬಾಗಿಲು ಸಾರಿಸುತ್ತಿದ್ದ ಆವಲಮ್ಮ ತಲೆ ಎತ್ತದೆಯೇ ಕೇಳುತ್ತಾರೆ: “ಏನ್ಲಾ ಬಚ್ಚಾ, ಆಯ್ತಾ?”

“ಇದೋ, ನೋಡಕ್ಕಾ.” ಬಚ್ಚಪ್ಪ ತೋರುಬೆರಳಿನ ತುದಿಗೆ ಅಂಟು ತೆಗೆದು ನಾಲಗೆಗೆ ಹಚ್ಚಿಕೊಂಡು ನುಂಗುತ್ತಾರೆ. ಆಮೇಲೆ ಬಾಯಿ ತೆರೆದು ತೋರಿಸುತ್ತಾರೆ, ಆಸ್ಪತ್ರೆಯಲ್ಲಿ ಗುಳಿಗೆ ನುಂಗಿದ ರೋಗಿ ನರ್ಸಮ್ಮನಿಗೆ ತೋರಿಸುವ ಹಾಗೆ.

“ಸಪ್ಪೆ ಸಪ್ಪೆ ತಿಂತೀಯಲ್ಲೋ. ಒಂದ್ ಚಿಟಿಕೆ ಉಪ್ಪಾದ್ರೂ ಹಾಕ್ಕೋಬಾರ್ದಾ?”

“ಉಪ್ಪು ಹಾಕಿದ್ರೆ ನಿನ್ ಹಸ ಪೋಸ್ಟರ್ ಜತೆ ಗೋಡೇನೂ ನೆಕ್ಕೊಂಡ್ ಹೋಗ್ತದಕ್ಕಾ.”

ತೆಂಗಿನ ನಾರಿನ ಕುಂಚ ಗೋಡೆಯ ಮೇಲೆ ನಾಲ್ಕು ಸಲ ಆಡುತ್ತದೆ. ಮಡಿಕೆ ಬಿಚ್ಚಿದ ಪೋಸ್ಟರು ಮೇಲಿನ ಅಂಚಿನಿಂದ ಕೂರುತ್ತಾ ಬರುತ್ತದೆ. ಅಂಗೈಯಿಂದ ಒಮ್ಮೆ ಒರೆಸಿದರೆ ಒಂದು ಗುಳ್ಳೆಯೂ ಉಳಿಯುವುದಿಲ್ಲ. ಸೋಪು ಹಿಡಿದುಕೊಂಡ ಹೆಂಗಸೊಬ್ಬಳು ಯಲ್ದೂರಿನ ಬೀದಿಗೆ ನಗತೊಡಗುತ್ತಾಳೆ. ಸೋಪಿನ ಹೆಸರು ಬಚ್ಚಪ್ಪನವರಿಗೆ ಓದಲು ಬರುತ್ತದೆ, ಆದರೆ ನಿಧಾನವಾಗಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು.

ಇವತ್ತು ಅವರ ಕೈ ಎಂದಿಗಿಂತ ಚುರುಕು. ಹನ್ನೊಂದು ಗಂಟೆಗೆ ಬೆಂಗಳೂರಿನಿಂದ ಸೋಪಿನ ಕಂಪನಿಯ ಇನ್ಸ್‌ಪೆಕ್ಟರು ಬರುತ್ತಾರೆ. ಪೋಸ್ಟರು ಮೊದಲ ಸಲ ಅಂಟಿಸಿ ಇವತ್ತಿಗೆ ಹದಿನೈದು ದಿನ. ಅಷ್ಟೂ ದಿನ ಅವು ಗೋಡೆಯ ಮೇಲೆ ಇರಬೇಕೆಂಬುದು ಕರಾರು. ಇದ್ದರೆ ಬರುವ ಇಡೀ ವರ್ಷ, ೧೯೮೫ರ ಯುಗಾದಿಯ ತನಕ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕಿನ ಕೆಲಸ ಬಚ್ಚಪ್ಪನವರದು. ಅವರ ಸಂಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಸೋಪಿನಿಂದಲೇ.

ಬಚ್ಚಪ್ಪನವರಿಗೆ ಈಗ ನಲವತ್ತಾರು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಗೂಟ ಹೊಡೆಯಲು ಸೇರಿ, ಗೋಡೆಗೆ ಸಿನಿಮಾ ಅಂಟಿಸುವ ಹುದ್ದೆಗೆ ಬಡ್ತಿ ಪಡೆದವರು. ಕೋಲಾರದ ಪ್ರೆಸ್ಸಿನ ಕೋದಂಡರಾಮಪ್ಪನವರು ಅವರ ಕೈಗುಣ ನೋಡಿ ಕಂಪನಿಗಳ ಕೆಲಸ ಕೊಡಿಸತೊಡಗಿದರು. ಬಟ್ಟೆ ಅಂಗಡಿ, ಬಿತ್ತನೆ ಬೀಜ, ಪಶು ಆಹಾರ, ಸೋಪು. ಸೋಪಿಗಷ್ಟೇ ಮೂವತ್ತು ಊರು, ಊರಿಗೆ ಹನ್ನೆರಡು ಪೋಸ್ಟರು. ಹತ್ತಿರದ ಊರುಗಳಿಗೆ ಸೈಕಲ್ಲು. ವಕ್ಕಲೇರಿ, ಮಾಲೂರಿನ ಕಡೆಗಾದರೆ ಸೈಕಲ್ಲನ್ನೇ ಬಸ್ಸಿನ ತಲೆಯ ಮೇಲೆ ಹಾಕಿಕೊಂಡು ಪ್ರಯಾಣ. ಬೆಳಗಿನ ಜಾವ ಅಂಟು ಕುದಿಸುವುದು ಹೆಂಡತಿ ಬೈರಮ್ಮ. “ಮನೇಗೆ ಮುದ್ದೆ ತೊಳಸೋದಕ್ಕಿಂತ ಗೋಡೇಗೆ ತೊಳಸಿದ್ದೇ ಜಾಸ್ತಿ ಕಣಪ್ಪ,” ಎನ್ನುವ ಅವರ ಬಲಗೈ ರಟ್ಟೆಯನ್ನು ನೋಡಿದರೆ ಮಾತು ಸುಳ್ಳಲ್ಲವೆಂದು ತಿಳಿಯುತ್ತದೆ.

ಮೈದಾ ಅಂಟಿಗೆ ಒಂದು ದೋಷವಿದೆ: ಅದು ಹಿಟ್ಟು. ಕಾಗದ ಹುಲ್ಲಿನ ಸೋದರಸಂಬಂಧಿ. ಎರಡೂ ಕೂಡಿ ಬಿಸಿಬಿಸಿಯಾಗಿ ಗೋಡೆಗೆ ಬಡಿಸಿಕೊಂಡಾಗ ದನಗಳು ಅದನ್ನು ಜಾಹೀರಾತು ಎಂದು ಯಾಕೆ ತಿಳಿಯಬೇಕು? ಪಶು ಆಹಾರದ ಪೋಸ್ಟರನ್ನು ಹಸು ತಿಂದರೆ ಕಂಪನಿಯವರು ಸಂತೋಷಪಡಬೇಕು ಎಂಬುದು ಬಚ್ಚಪ್ಪನವರ ವಾದ. ಅವರು ಪಡುವುದಿಲ್ಲ. ಹಾಗಾಗಿ ಈ ವೃತ್ತಿಯ ಎಲ್ಲರೂ ಮಾಡುವ ಉಪಾಯವೊಂದಿದೆ. ಅಂಟಿಗೆ ಒಂದು ಹಿಡಿ ಮೈಲುತುತ್ತ ಬೆರೆಸುವುದು. ನೀಲಿ ಹರಳು, ಕೆಟ್ಟ ರುಚಿ, ವಿಷ. ಹುಳ ಮುಟ್ಟದು, ಹಸು ಒಮ್ಮೆ ನೆಕ್ಕಿ ಮುಖ ತಿರುಗಿಸುತ್ತದೆ. ಬಚ್ಚಪ್ಪನವರೂ ಬೆರೆಸುತ್ತಿದ್ದರು, ಆರು ವರ್ಷದ ಹಿಂದಿನವರೆಗೆ.

ಆವಲಮ್ಮನವರ ಸೀಮೆಹಸು ಮುಖ ತಿರುಗಿಸಲಿಲ್ಲ. ಒಂದೇ ಬೆಳಿಗ್ಗೆ ಐದು ಪೋಸ್ಟರು ತಿಂದಿತು. ಮಾರನೇ ಸಂಜೆಗೆ ಸತ್ತಿತು. ದನದ ಡಾಕ್ಟರು ಕೊಯ್ದು ನೋಡಿ, ಹೊಟ್ಟೆಯಲ್ಲಿ ಕಾಗದವಿದೆ, ಕಾರಣ ಅದೇ ಎಂದು ಖಂಡಿತ ಹೇಳಲಾರೆ ಎಂದರು. ಊರಿನಲ್ಲಿ ಯಾರಿಗೂ ಅಂಟಿನ ಮೇಲೆ ಅನುಮಾನ ಬಂದಿರಲಿಲ್ಲ. ಬಚ್ಚಪ್ಪನವರೇ ಹೋಗಿ ಜಗಲಿಯ ಕೆಳಗೆ ನಿಂತು ಹೇಳಿದರು.

“ಅವನಾಗವನೇ ಬಂದು ಹೇಳ್ಬಿಟ್ನಲ್ಲ, ಬೈಯೋಕೂ ಬಾಯಿ ಬರ್ಲಿಲ್ಲ ನಂಗೆ,” ಎಂದು ಆವಲಮ್ಮ ನೆನೆಯುತ್ತಾರೆ. ಆಮೇಲೆ ಸ್ವಲ್ಪ ಯೋಚಿಸಿ, “ಎರಡ್ ದಿನ ಆದ್ಮೇಲೆ ಬಂತು, ಬೈದೆ,” ಎಂದು ಸೇರಿಸುತ್ತಾರೆ.

ಎರಡು ವರ್ಷ ಯಲ್ದೂರಿನ ಯಾವ ಗೋಡೆಯೂ ಬಚ್ಚಪ್ಪನವರಿಗೆ ಸಿಗಲಿಲ್ಲ. ಕೊನೆಗೆ ಆವಲಮ್ಮನೇ ಒಂದು ಷರತ್ತು ಹಾಕಿದರು: ಗೋಡೆಗೆ ಹಚ್ಚುವ ಮೊದಲು ನಿನ್ನ ಬಾಯಿಗೆ ಹಾಕಿಕೋ. ಆ ಷರತ್ತು ಹಾಲಿನ ಡೇರಿಯ ಕ್ಯೂನಲ್ಲಿ ಹೊರಟು ಹಳ್ಳಿಯಿಂದ ಹಳ್ಳಿಗೆ ಹರಡಿತು. ಈಗ ಮೂವತ್ತೂ ಊರುಗಳಲ್ಲಿ ಹೊಸಿಲು ತೊಳೆಯುವ ಹೆಂಗಸರು ಕೈಯಲ್ಲಿ ಪೊರಕೆ ಹಿಡಿದೇ ತಪಾಸಣೆ ನಡೆಸುತ್ತಾರೆ. “ದಿನಕ್ಕೆ ಅರ್ಧ ಪಾವು ಮೈದಾ ನನ್ ಹೊಟ್ಟೇಗೇ ಹೋಗ್ತದೆ,” ಎಂದು ಬಚ್ಚಪ್ಪ ಹೊಟ್ಟೆ ಸವರಿಕೊಳ್ಳುತ್ತಾರೆ. “ಬೆಳಿಗ್ಗೆ ತಿಂಡಿ ಖರ್ಚು ಉಳೀತು ಅಂದ್ಕೋಬೇಕು.”

ತುತ್ತ ಬಿಟ್ಟಮೇಲೆ ಬೇರೆ ದಾರಿ ಹುಡುಕದೆ ಇರಲಿಲ್ಲ. ಕಹಿಯಾದರೆ ತಿನ್ನಲಾರವೆಂದು ಅಂಟಿಗೆ ಬೇವಿನ ಸೊಪ್ಪು ಅರೆದು ಹಾಕಿದರು. ಹಸುಗಳೇನೋ ಹಿಂದೆ ಸರಿದವು. ಅದುವರೆಗೆ ಪೋಸ್ಟರಿನ ಕಡೆ ಅಷ್ಟು ಗಮನ ಕೊಡದಿದ್ದ ಮೇಕೆಗಳು ಹಿಂಡುಹಿಂಡಾಗಿ ಬಂದವು. ಮೇಕೆಗೆ ಬೇವು ಹಬ್ಬದೂಟವೆಂಬುದು ಕುರಿ ಕಾಯುವ ಎಲ್ಲರಿಗೂ ಗೊತ್ತು; ಅಂಟು ಕುದಿಸುವ ಅವಸರದಲ್ಲಿ ಗಂಡಹೆಂಡತಿ ಇಬ್ಬರಿಗೂ ಮರೆತಿತ್ತು. ಮೆಣಸಿನಪುಡಿಯಿಂದ ಬಚ್ಚಪ್ಪನವರ ಕೈ ಉರಿಯಿತೇ ಹೊರತು ಎಮ್ಮೆಗಳಿಗೆ ಏನೂ ಆಗಲಿಲ್ಲ. ಪೋಸ್ಟರಿನ ಸುತ್ತ ಸಗಣಿನೀರು ಬಳಿದದ್ದು ಮಾತ್ರ ನಿಜವಾಗಿ ಫಲಿಸಿತು, ಯಾಕೆಂದರೆ ತನ್ನ ಸಗಣಿಯ ವಾಸನೆ ಇರುವಲ್ಲಿ ಹಸು ಬಾಯಿ ಹಾಕುವುದಿಲ್ಲ. ಆದರೆ ಸೋಪಿನ ಸುಂದರಿಯನ್ನು ಸಗಣಿಯ ಚೌಕಟ್ಟಿನಲ್ಲಿ ಕೂರಿಸಿದ್ದನ್ನು ನೋಡಿ ಕೋದಂಡರಾಮಪ್ಪನವರು ತಲೆ ಚಚ್ಚಿಕೊಂಡರು.

ಕಡೆಗೆ ಉಳಿದದ್ದು ದನದ ಪಾಲು. ದಾರಿಯಲ್ಲಿ ಹರಿದುಹೋಗಬಹುದೆಂದು ಪ್ರತಿ ಕಂಪನಿಯೂ ನೂರಕ್ಕೆ ಇಪ್ಪತ್ತು ಪೋಸ್ಟರು ಹೆಚ್ಚಿಗೆ ಕಳಿಸುತ್ತದೆ. ಬೇರೆಯವರು ಅದನ್ನು ಕಡಲೆಕಾಯಿ ಪೊಟ್ಟಣಕ್ಕೆ ಮಾರುತ್ತಾರೆ. ಬಚ್ಚಪ್ಪ ಆ ಕಟ್ಟನ್ನು ಬೇರೆಯಾಗಿ ಎತ್ತಿಡುತ್ತಾರೆ. ಒಂದು ವಾರ ಕಳೆದ ಮೇಲೆ ಮೂವತ್ತೂ ಊರಿಗೆ ಎರಡನೇ ಸುತ್ತು. ತಿಂದ ಕಡೆ ಮತ್ತೆ ಅಂಟಿಸುತ್ತಾರೆ, ಎಣಿಸಲು ಬರುವ ಮುಂಚೆ ಬೇಕಾದರೆ ಇನ್ನೊಮ್ಮೆ. ಈ ಎರಡನೇ ಸುತ್ತಿಗೆ ಕೂಲಿ ಇಲ್ಲ, ಬಸ್ ಚಾರ್ಜು ಕೈಯಿಂದ.

“ಪೋಸ್ಟರು ಹದಿನೈದು ದಿನ ಇರ್ಬೇಕು ಅಂತಾರೆ. ಪೋಸ್ಟರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ನಾನಿರ್ತೀನಿ. ಓದೋರು ಓದ್ಲಿ, ತಿನ್ನೋರು ತಿನ್ಲಿ. ಆಮೇಲೂ ಬದುಕಿರ್ಬೇಕು, ಅಷ್ಟೇ.”

ಪರಿಸರ ಎಂಬ ಮಾತು ಈಚೆಗೆ ಪತ್ರಿಕೆಗಳಲ್ಲಿ ವಾರಕ್ಕೆರಡು ಸಲವಾದರೂ ಬರುತ್ತಿದೆ. ವ್ಯಾಪಾರ ಮಾಡುವವರು ಊರಿನ ನೀರಿಗೆ, ಗಾಳಿಗೆ, ಜೀವಗಳಿಗೆ ಕೇಡು ಮಾಡದೆ ತಮ್ಮ ಸರಕಿನ ಹೆಸರು ಹೇಳಿಕೊಳ್ಳುವುದು ಹೇಗೆಂದು ಯಾವುದಾದರೂ ಸಭೆಯಲ್ಲಿ ಚರ್ಚೆಯಾದರೆ ಬಚ್ಚಪ್ಪನವರನ್ನು ಕರೆಯುವುದು ಒಳ್ಳೆಯದು. ಸಭೆಯ ಪೋಸ್ಟರು ಅಂಟಿಸಲಿಕ್ಕೂ ಆದೀತು.

ಇನ್ಸ್‌ಪೆಕ್ಟರು ಹೇಳಿದ ಹೊತ್ತಿಗೇ ಬರುತ್ತಾರೆ. ಸಫಾರಿ ಸೂಟು, ಕೈಯಲ್ಲಿ ಕ್ಲಿಪ್ಪು ಹಾಕಿದ ಹಲಗೆ. ಊರು ಸುತ್ತಿ ಒಂದೊಂದೇ ಎಣಿಸುತ್ತಾರೆ. ಹನ್ನೆರಡಕ್ಕೆ ಹನ್ನೆರಡು. ಮುಳಬಾಗಿಲಿನ ಕಡೆಯೂ ಹೀಗೇ ಇತ್ತೆಂದು ಮೆಚ್ಚುತ್ತಾರೆ. ಮೆಚ್ಚುತ್ತಲೇ ಆವಲಮ್ಮನವರ ಗೋಡೆಯ ಪೋಸ್ಟರಿನ ಮೇಲೆ ಪ್ರೀತಿಯಿಂದ ಕೈಯಿಡುತ್ತಾರೆ. ಮೂಲೆ ಅಂಗೈಗೆ ಅಂಟಿಕೊಂಡು ಬರುತ್ತದೆ.

“ಏನಪ್ಪಾ ಇದು? ಹದಿನೈದು ದಿನವಾದರೂ ಒಣಗಿಲ್ಲ?”

“ಇದು ಇವತ್ತಿಂದು ಸ್ವಾಮಿ. ಮೊದಲಿನದ್ದು ಹಸ ತಿಂತು.”

“ತುತ್ತ ಹಾಕಿಲ್ಲವೇ?”

“ಇಲ್ಲ ಸ್ವಾಮಿ.”

“ಹಾಕಬೇಕು ಅಂತ ಮದರಾಸಿನ ಹೆಡ್ಡಾಫೀಸಿನಿಂದ ಸರ್ಕ್ಯುಲರ್ ಬಂದಿದೆಯಲ್ಲಪ್ಪಾ!”

ಹೊಸಿಲಿನಿಂದ ಆವಲಮ್ಮ ಎದ್ದು ಬರುತ್ತಾರೆ. “ಹಾಕಿಸಿ ಸ್ವಾಮಿ, ಬೇಡ ಅನ್ನಲ್ಲ. ನಮ್ಮೂರಲ್ಲಿ ಅಂಟಿಸೋರು ಒಂದ್ ಬೆರಳು ತಿಂದು ತೋರ್ಸೋ ಪದ್ಧತಿ. ಬಚ್ಚ ಬೇಡ ಅಂದ್ರೆ ನೀವೇ ತಿನ್ನಿ. ನೀರು ಕೊಡ್ತೀನಿ ಕುಡಿಯೋಕೆ.”

ಇನ್ಸ್‌ಪೆಕ್ಟರು ನಗುತ್ತಾರೆ. ಕೆಟ್ಟ ಮನುಷ್ಯರಲ್ಲ. ಹನ್ನೆರಡಿದೆ ಎಂದೇ ಬರೆದುಕೊಳ್ಳುತ್ತಾರೆ, ಹೊಸದೋ ಹಳೆಯದೋ ಎಂದು ಬರೆಯಲು ಜಾಗವಿಲ್ಲ ಎನ್ನುತ್ತಾರೆ. ಆದರೆ ಫಾರಂನ ಕೊನೆಯ ಸಾಲಿನಲ್ಲಿ, ಅಂಟಿಗೆ ತುತ್ತ ಬೆರೆಸಿದ್ದೇನೆ ಎಂದು ಅಂಟಿಸಿದವರ ಸಹಿ ಬೇಕು. ಅದಿಲ್ಲದೆ ಮುಂದಿನ ವರ್ಷದ ಕೆಲಸ ಕೊಡಲು ಬರುವುದಿಲ್ಲ. ಫಾರಂ ಪ್ರೆಸ್ಸಿನಲ್ಲಿ ಬಿಟ್ಟಿರುತ್ತೇನೆ, ಸಂಜೆಯೊಳಗೆ ಸಹಿ ಮಾಡಿಬಿಡಿ ಎಂದು ಹೇಳಿ, ಅಂಗೈಯ ಅಂಟನ್ನು ಕರ್ಚೀಫಿನಲ್ಲಿ ಒರೆಸಿಕೊಂಡು ಜೀಪು ಹತ್ತುತ್ತಾರೆ.

ಮಧ್ಯಾಹ್ನದ ಬಸ್ಸಿನ ತಲೆಯ ಮೇಲೆ ಸೈಕಲ್ಲು ಹಾಕಿಕೊಂಡು ಬಚ್ಚಪ್ಪ ಕೋಲಾರ ತಲುಪುತ್ತಾರೆ. ಕೋದಂಡರಾಮಪ್ಪನವರು ಫಾರಂ ಮುಂದಿಟ್ಟು, ಪೆನ್ನಿನ ಕ್ಯಾಪು ತಾವೇ ತೆಗೆದು ಕೊಡುತ್ತಾರೆ.

“ಹಾಕ್ಲಿಲ್ಲವಲ್ಲಣ್ಣ,” ಎನ್ನುತ್ತಾರೆ ಬಚ್ಚಪ್ಪ.

“ಲೇ ಬಚ್ಚಾ, ಹಾಕು ಅಂದ್ನೇನೋ? ಹಾಕಿದೀನಿ ಅಂತ ಸಹಿ ಮಾಡು ಅಂದೆ. ತುತ್ತ ಡಬ್ಬದಲ್ಲಿ ಬೇಡ, ಕಾಗದದಲ್ಲಿರ್ಲಿ. ಹಸು ಈ ಫಾರಂ ತಿನ್ನುತ್ತಾ?”

ಮಾತು ನ್ಯಾಯವಾಗಿಯೇ ಇದೆ. ಬಚ್ಚಪ್ಪ ಪೆನ್ನು ಹಿಡಿದು ಫಾರಂನ ಕೊನೆಯ ಸಾಲನ್ನು ನಿಧಾನವಾಗಿ ಓದುತ್ತಾರೆ. ಒಳಗೆ ಅಚ್ಚಿನ ಯಂತ್ರ ಯಾರದೋ ಮದುವೆ ಕರೆಯೋಲೆಗಳನ್ನು ಉಗುಳುತ್ತಿದೆ.

“ಹಾಕದೇನೇ ಹಾಕಿದೀನಿ ಅಂತ ಬರ್ಕೊಡೋನು, ನಾಳೆ ಹಾಕಿ ಹಾಕಿಲ್ಲ ಅನ್ನಲ್ವಾಣ್ಣ? ಮೂವತ್ತೂರು ಹೆಂಗಸ್ರು ನನ್ ಬಾಯಿ ನೋಡಿ ಗೋಡೆ ಬಿಟ್ಕೊಟ್ಟವ್ರೆ.”

“ಆ ಹೆಂಗಸ್ರು ಈ ಫಾರಂ ನೋಡೋಕೆ ಮದರಾಸಿಗೆ ಹೋಗ್ತಾರೇನೋ?”

“ಅವ್ರು ಹೋಗಲ್ಲ. ನಾನು ದಿನಾ ಅವ್ರ ಮುಂದೆ ಹೋಗ್ಬೇಕಲ್ಲ.”

ಪೆನ್ನು ಮೇಜಿನ ಮೇಲೆ ಕೂರುತ್ತದೆ. ಕೋದಂಡರಾಮಪ್ಪನವರು ಬೈಯುತ್ತಾರೆ, ಇಪ್ಪತ್ತು ವರ್ಷದ ಪರಿಚಯವಾದ್ದರಿಂದ ಸಾಕಷ್ಟು ದೀರ್ಘವಾಗಿಯೇ ಬೈಯುತ್ತಾರೆ. ಬೈದು ಮುಗಿಸಿ ಕಾಫಿ ತರಿಸುತ್ತಾರೆ. ಇನ್ನು ಬಚ್ಚಪ್ಪನವರಿಗೆ ಉಳಿಯುವುದು ಕೋಲಾರದ ಬಟ್ಟೆ ಅಂಗಡಿ, ಬೀಜದ ಡಿಪೋ, ಟಾಕೀಸು. ಸೋಪಿನ ಕೆಲಸಕ್ಕೆ ಬೆಂಗಳೂರಿನಿಂದ ವ್ಯಾನು ಬರುತ್ತದೆ, ತುತ್ತದ ಡಬ್ಬದ ಸಮೇತ. ಹೆದ್ದಾರಿಯ ಮೋರಿ, ಬಸ್ ಶೆಲ್ಟರು, ಸರ್ಕಾರಿ ಕಾಂಪೌಂಡುಗಳಿಗೆ ಅಂಟಿಸುತ್ತಾರಂತೆ. ಅಲ್ಲಿ ಕೇಳಲು ಯಾರ ಮನೆಯ ಹೆಂಗಸರೂ ಇರುವುದಿಲ್ಲ.

ಕಾಫಿ ಕುಡಿದು ಲೋಟ ತೊಳೆದಿಟ್ಟು ಬಚ್ಚಪ್ಪ ಒಂದೇ ಒಂದು ಕೇಳಿಕೊಳ್ಳುತ್ತಾರೆ.

“ಅಣ್ಣಾ, ಆ ವ್ಯಾನು ಯಾವ್ಯಾವ ದಿನ ಯಾವ್ಯಾವ ಊರಿಗೆ ಬರ್ತದೆ ಅಂತ ನಂಗೊಂದು ಮಾತು ತಿಳಿಸ್ಬೇಕು.”

“ಯಾಕೋ?”

“ಹಿಂದಿನ ದಿನ ಸೈಕಲ್ಲಲ್ಲಿ ಹೋಗಿ ದನ ಕಟ್ಟಾಕ್ಕೊಳಿ ಅಂತ ಹೇಳ್ಬಿಟ್ ಬರ್ತೀನಿ.”

“ನಿನ್ ಅನ್ನ ಕಿತ್ಕೊಂಡೋನ ವ್ಯಾನಿನ ಮುಂದೆ ನೀನು ಡಂಗುರ ಹೊಡೀತೀಯೇನೋ? ಬೇಕಾದ್ರೆ ಅವನೇ ಬರೀಲಿ, ವಿಷ ಇದೆ, ಹುಷಾರು ಅಂತ!”

ಬಚ್ಚಪ್ಪ ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತಾರೆ.

“ಬರೀಬೌದಣ್ಣ. ಹಸಕ್ಕೆ ಓದೋಕೆ ಬರಲ್ವಲ್ಲ.”