ಒತ್ತಕ್ಷರದಕ್ಕನ ಕೈಗೆ ಅಕ್ಷರವಿಲ್ಲದ ಪುಸ್ತಕ

ಮೂವತ್ತೆರಡು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದ ಆಕೆಗೆ ಅಲ್ಲಿನವರು ಇಟ್ಟ ಹೆಸರು ಒತ್ತಕ್ಷರದಕ್ಕ. ಒತ್ತು ತಪ್ಪಿದ್ದರೆ ಔಷಧಿ ಬಾಟಲಿಯ ಚೀಟಿಯನ್ನೂ ಬಿಡುವವರಲ್ಲ. ಯಾರದೋ ಮದುವೆ ಕರೆಯೋಲೆಯಲ್ಲಿ ‘ವಧು’ ಹೋಗಿ ‘ವಧೆ’ ಆಗಿದ್ದನ್ನು ಕೊನೇ ಗಳಿಗೆಯಲ್ಲಿ ಹಿಡಿದವರೂ ಅವರೇ. ನಿವೃತ್ತಿಯಾದ ಮೇಲೆ ಕೈ ಕಟ್ಟಿಹಾಕಿದ ಹಾಗಾಯಿತು. ಮನೆಯ ಸಾಮಾನಿನ ಪಟ್ಟಿಯನ್ನೇ ತಿದ್ದತೊಡಗಿದರು. ಸೊಸೆ ಶಿಶುವಿಹಾರದಲ್ಲಿ ಟೀಚರು. ಒಂದು ದಿನ ಅವಳು ನಗುತ್ತ, “ಅತ್ತೆ, ನಮ್ಮ ಮಕ್ಕಳಿಗೆ ಕಥೆ ಹೇಳ್ಸೋಕೆ ಬನ್ನಿ. ಪಟ್ಟಿ ತಪ್ಪಿದ್ರೂ ಸಕ್ಕರೆ ಮನೆಗೆ ಬರುತ್ತೆ” ಅಂದಳು.

ಅಲ್ಲಿ ಕೈಗೆ ಕೊಟ್ಟ ಪುಸ್ತಕ ತೆರೆದರೆ ಬರೀ ಚಿತ್ರ. ಅಕ್ಕ ಹಿಂದೆ ಮುಂದೆ ಮಗುಚಿ ನೋಡಿದರು. “ಇದೇನಮ್ಮ, ಅಕ್ಷರ ಅಚ್ಚು ಹಾಕೋದನ್ನೇ ಮರೆತಿದ್ದಾರೆ.”

“ಮರೆತಿಲ್ಲ ಅತ್ತೆ, ಅದು ಇರೋದೇ ಹಾಗೆ. ಚಿತ್ರ ನೋಡಿ ಮಕ್ಕಳೇ ಕಥೆ ಹೇಳ್ಬೇಕು. ನೀವು ‘ಆಮೇಲೆ?’ ಅಂತ ಕೇಳಿದ್ರೆ ಸಾಕು.”

ಚಾಪೆಯ ಮೇಲೆ ಹನ್ನೊಂದು ಮಕ್ಕಳು. “ಕರಡಿ ಅಮ್ಮ ಬಸ್ಸು ಇಳೀತು” ಅಂದ ಒಬ್ಬ. “ಅಮ್ಮ ಇಳೀತು ಅನ್ನಬಾರದು, ಇಳಿದಳು” ಎಂದರು ಅಕ್ಕ. “ನಾಯಿ ಓಡ್ತಿದೆ” ಅಂದಳು ಇನ್ನೊಬ್ಬಳು. “ಸರಿಯಾಗಿ ನೋಡು, ಅದು ನರಿ.” ಐದೇ ನಿಮಿಷದಲ್ಲಿ ಎಲ್ಲರ ಬಾಯಿಗೂ ಬೀಗ ಬಿತ್ತು. ಒಬ್ಬನಂತೂ ಕಾಲುಚೀಲ ಬಿಚ್ಚಿ ಬೆರಳೆಣಿಸುತ್ತ ಕೂತ.

“ನನ್ನ ಕೈಲಾಗಲ್ಲಮ್ಮ” ಎಂದು ಮನೆಗೆ ಬಂದ ಅತ್ತೆಗೆ ಸೊಸೆ, “ನಾಳೆ ಒಂದಿನ ತಿದ್ದಬೇಡಿ. ನಾಲಿಗೆ ತುರಿಸಿದ್ರೆ ಹಲ್ಲು ಕಚ್ಕೊಳ್ಳಿ” ಅಂದಳು.

ಮರುದಿನ ಹಲ್ಲು ಕಚ್ಚಿಕೊಂಡೇ ಕೂತರು. ಅಡುಗೆಮನೆಯ ಪುಟ ಬಂತು. ಕರಡಿಯ ಕಣ್ಣಲ್ಲಿ ನೀರು. ಮಕ್ಕಳು ಗಪ್‌ಚುಪ್. ತಡೆಯಲಾರದೆ ಅಕ್ಕನೇ, “ಪಾಪ, ಕರಡಿಗೆ ದುಃಖ” ಅಂದುಬಿಟ್ಟರು.

ಹಿಂದಿನ ಸಾಲಿನಲ್ಲಿ ಗುಬ್ಬಿ ಎಂದು ಎಲ್ಲರೂ ಕರೆಯುವ ಹುಡುಗಿಯೊಬ್ಬಳಿದ್ದಳು. ಸೇರಿ ಎರಡು ತಿಂಗಳಾದರೂ ತುಟಿ ಬಿಚ್ಚಿರಲಿಲ್ಲ. ಅವಳು ಎದ್ದು ಬಂದು ಪುಟದ ಮೇಲೆ ಬೆರಳಿಟ್ಟಳು. “ತಪ್ಪು ಅಜ್ಜಿ. ಅದು ಈರುಳ್ಳಿ ಹೆಚ್ತಾ ಇದೆ.”

ಅಕ್ಕ ಕನ್ನಡಕ ಏರಿಸಿ ನೋಡಿದರು. ಹೌದು, ಕರಡಿಯ ಪಂಜದಲ್ಲಿ ಚಾಕು, ಪಕ್ಕದಲ್ಲಿ ಈರುಳ್ಳಿ ಸಿಪ್ಪೆ. ಇಷ್ಟು ವರ್ಷದಲ್ಲಿ ಅವರ ತಪ್ಪು ಹಿಡಿದವರೇ ಇರಲಿಲ್ಲ. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. “ಹೌದಲ್ಲೇ ಪುಟ್ಟಿ, ನನ್ನ ಕಣ್ಣಿಗೇ ಬೀಳಲಿಲ್ಲ. ಆಮೇಲೆ?”

“ಆಮೇಲೆ ಅಪ್ಪ ಬಂದ. ಯಾಕೆ ಅಳ್ತೀಯ ಅಂದ. ಅವನಿಗೂ ಕಣ್ಣೀರು ಬಂತು.”

“ನಾಯಿಗೂ ಬಂತು” ಅಂದಳು ನಿನ್ನೆಯವಳು. ನರಿ ಎನ್ನಲು ತೆರೆದ ಅಕ್ಕನ ಬಾಯಿ ಹಾಗೇ ಮುಚ್ಚಿತು. ಕಾಲುಚೀಲದವನು ಕಥೆಯೊಳಕ್ಕೆ ಪೋಸ್ಟ್‌ಮ್ಯಾನನ್ನು ಕರೆತಂದ, ಮತ್ತೊಬ್ಬ ಡಾಕ್ಟರನ್ನು. ಇಡೀ ಬೀದಿ ಗೊಳೋ ಎಂದು ಅಳುತ್ತಲೇ ಹೊಟ್ಟೆತುಂಬ ಉಂಡಿತು.

ಮಗಳನ್ನು ಕರೆದೊಯ್ಯಲು ಬಂದಿದ್ದ ಗುಬ್ಬಿಯ ಅಪ್ಪ, ಬಡಗಿ, ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ. “ನಮ್ಮ ಹುಡುಗೀನಾ ಮೇಡಂ ಮಾತಾಡಿದ್ದು?”

“ಅವಳೇ. ನನಗೇ ಪಾಠ ಹೇಳಿದಳು ನೋಡಿ.”

ಆತ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಮುಂದಿನ ವಾರ ಮಕ್ಕಳ ಕೈಗೆ ಎಟುಕುವ ತಗ್ಗಿನ ಕಪಾಟೊಂದನ್ನು ಮಾಡಿ ಹೊತ್ತು ತಂದ. ಈಗ ಮಕ್ಕಳು ತಮಗೆ ಬೇಕಾದ ಪುಸ್ತಕವನ್ನು ತಾವೇ ಎಳೆದು ತರುತ್ತಾರೆ. ಒಂದೇ ಪುಸ್ತಕಕ್ಕೆ ದಿನಕ್ಕೊಂದು ಕಥೆ. ಅಕ್ಕ ಬೆಳಗ್ಗೆ ಎಂಟೂವರೆಗೇ ಚಪ್ಪಲಿ ಮೆಟ್ಟಿ ನಿಲ್ಲುತ್ತಾರೆ. ಸೊಸೆ ತಡಮಾಡಿದರೆ ಕಾಯುವುದಿಲ್ಲ, ನಡೆದೇಬಿಡುತ್ತಾರೆ.