ಚೀಟಿ ಬರೆದವರು ಯಾರು?

ಚೀಟಿಯ ಬಣ್ಣ ಹಳದಿಯೋ ಹಸಿರೋ, ಅದರಲ್ಲಿದ್ದದ್ದು ಇದೇ ಮಾತೋ, ಈಗ ಆಣೆ ಮಾಡಿ ಹೇಳಲಾರೆ: ‘ದಿನದ ಮೀಟಿಂಗ್ ಮುಗಿಯುವಷ್ಟರಲ್ಲಿ ನನ್ನ ಮಗಳು ನಿದ್ದೆ ಹೋಗಿರುತ್ತಾಳೆ.’

ಹೈದರಾಬಾದ್, ಪುಣೆ, ಪೋಲೆಂಡಿನ ವಾರ್ಸಾಗಳಲ್ಲಿ ಕೂತು ಕೆಲಸ ಮಾಡುವ ನಮ್ಮ ಸಾಫ್ಟ್‌ವೇರ್ ತಂಡದವರು ಎರಡು ವಾರಕ್ಕೊಮ್ಮೆ ತಮ್ಮ ತೊಂದರೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆದು ಕಂಪ್ಯೂಟರ್ ಪರದೆಯ ಮೇಲಿನ ಬೋರ್ಡಿಗೆ ಅಂಟಿಸುತ್ತಾರೆ. ತಂಡ ನಡೆಸುವವಳು ನಾನು. ಈ ಚೀಟಿ ಓದಿ, ದಿನಾ ರಾತ್ರಿ ಎಂಟಕ್ಕಿದ್ದ ಮೀಟಿಂಗನ್ನು ಮರುದಿನದಿಂದಲೇ ಮಧ್ಯಾಹ್ನಕ್ಕೆ ತಂದೆ.

ಬರೆದವರು ಯಾರೆಂದು ಕೇಳಬಾರದು. ಆದರೂ ಹೈದರಾಬಾದ್ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವ, ರಾಯಚೂರು ಕಡೆಯ ಬಸವರಾಜನನ್ನು ಕೇಳಿದೆ.

“ನಾನಲ್ರೀ ಮೇಡಂ, ನನಗಿನ್ನೂ ಮದುವಿನೇ ಆಗಿಲ್ಲ! ಆದ್ರ ಈಗ ರಾತ್ರಿ ಊಟಕ್ಕ ಬಿಸಿ ರೊಟ್ಟಿ ಸಿಗಾಕತ್ತಾವ ನೋಡ್ರಿ.”

ಕೇಳಿದಾಗ ತಂಡದ ಉಳಿದ ಆರು ಮಂದಿಯೂ ತಾವಲ್ಲವೆಂದು ನಕ್ಕರು. ಯಾರೂ ಒಪ್ಪದಿದ್ದರೂ, ಅವರಲ್ಲೊಬ್ಬರ ಮನೆಯಲ್ಲಿ, ಹೈದರಾಬಾದಿನಲ್ಲೋ ಪುಣೆಯಲ್ಲೋ, ಒಂದು ಮಗು ಈಗ ಕಥೆ ಕೇಳಿ ಮಲಗುತ್ತಿರಬೇಕು ಎಂಬ ನೆಮ್ಮದಿ ನನಗಿದೆ. ಅದರ ಹೆಸರು ಮಾತ್ರ ಗೊತ್ತಿಲ್ಲ.