ತಿರುವಿನಲ್ಲೇ ನಿಲ್ಲುವ ಬಸ್ಸು

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯ ಒಂದು ಊರಿನೊಳಗೆ ರಸ್ತೆ ಥಟ್ಟನೆ ತಿರುಗುತ್ತದೆ. ಬಸ್ಸು ನಿಲ್ಲುವುದು ಸರಿಯಾಗಿ ಆ ತಿರುವಿನಲ್ಲೇ. ನಿಂತ ಬಸ್ಸಿನ ಮುಂದಿನಿಂದ ದಾಟುವವರಿಗೆ ಬರುವ ಗಾಡಿ ಕಾಣುವುದಿಲ್ಲ, ಗಾಡಿಯವನಿಗೆ ಅವರು ಕಾಣುವುದಿಲ್ಲ. ಅಲ್ಲೇ ಟೀ ಅಂಗಡಿ ಇಟ್ಟಿದ್ದ ಹೆಂಗಸೊಬ್ಬರಿಗೆ ಹಾಗೆ ದಾಟುವಾಗ ಬೈಕು ಬಡಿದು ಕಾಲು ಮುರಿಯಿತು. ಊರಿನವರು ರಸ್ತೆಗೆ ಕಲ್ಲು ಅಡ್ಡ ಇಟ್ಟು ಕೂತರು. ಆ ರಸ್ತೆಯ ಸುರಕ್ಷತೆಗೆ ಯೋಜನೆ ಮಾಡುವ ಕೆಲಸ ನನಗೆ ಬಂತು. ಹಾಸನದ ಕಚೇರಿಯೊಂದರಲ್ಲಿ ನಾನು ಎಂಜಿನಿಯರ್.

ಶಾಲೆ ಬಿಡುವ ಹೊತ್ತು, ಸಂತೆಯ ದಿನ ಎಂದು ಹಲವು ಸಲ ಹೋಗಿ ನಿಂತು ನೋಡಿದೆ. ಹಂಪು, ಬಿಳಿ ಪಟ್ಟೆ, ಫಲಕ ಎಲ್ಲವೂ ಬೇಕಿತ್ತು. ಆದರೆ ಅವೆಲ್ಲಕ್ಕಿಂತ ಮುಖ್ಯವಾಗಿ ಬಸ್ ಸ್ಟಾಪು ತಿರುವು ಬಿಟ್ಟು, ಡೇರಿ ದಾಟಿ, ರಸ್ತೆ ನೆಟ್ಟಗಿರುವ ಕಡೆಗೆ ಹೋಗಬೇಕಿತ್ತು. ಹಾಗೇ ನಕ್ಷೆ ಬರೆದೆ. ನಮ್ಮ ಸಾಹೇಬರೂ ಒಪ್ಪಿದರು.

ಊರಿನಲ್ಲಿ ಸಭೆ ಕರೆದೆವು. ಹಂಪು ಎಂದಾಗ ತಲೆಯಾಡಿಸಿದವರೆಲ್ಲ ಸ್ಟಾಪು ಎಂದಾಗ ಎದ್ದು ನಿಂತರು.

"ನಮ್ಮನೆ ಮುಂದೆ ಬ್ಯಾಡ ಸಾ," ಎಂದರು ಡೇರಿ ಪಕ್ಕದ ಮನೆಯ ಯಜಮಾನರು. "ಬಸ್ಸಿಗೆ ಕಾಯೋರೆಲ್ಲ ನಮ್ ಜಗ್ಲಿ ಮ್ಯಾಲೆ ಕುಂತು ಎಲೆಡ್ಕೆ ಉಗೀತಾರೆ."

ಎಲ್ಲರೂ ಮಾತಾಡಿದ್ದು ಸಾಹೇಬರ ಜೊತೆ. ನಕ್ಷೆ ಹಿಡಿದು ನಿಂತಿದ್ದ ನನ್ನ ಕಡೆ ಯಾರೂ ತಿರುಗಲಿಲ್ಲ. ಟೀ ಅಂಗಡಿಯ ಹೆಂಗಸು ಕೋಲೂರಿಕೊಂಡು ಎದ್ದಾಗ, ಸದ್ಯ, ಇವರಾದರೂ ನನ್ನ ಪರ ಮಾತಾಡುತ್ತಾರೆ ಅಂದುಕೊಂಡೆ.

"ಮೇಡಮ್ಮೋರೆ, ಅಂಪು ಆಕ್ಸಿ, ಬೋರ್ಡ್ ಆಕ್ಸಿ. ಬಸ್ಸು ಮಾತ್ರ ಅಲ್ಲೇ ನಿಂತ್ಕಳ್ಳಿ."

"ಬಸ್ಸು ಅಲ್ಲಿ ನಿಂತಿದ್ದಕ್ಕೇ ಅಲ್ವೇನಮ್ಮ ನಿಮ್ಮ ಕಾಲು ಮುರಿದಿದ್ದು?"

"ಊಂ ಕಣವ್ವ, ನಂಗೊತ್ತಿಲ್ವಾ? ಅದು ಅತ್ತಗೋದ್ರೆ ನನ್ ಟೀ ಯಾರ್ ಕುಡೀತಾರೆ? ಕಾಲು ಓಯ್ತು, ಅಂಗ್ಡಿನೂ ಓಗ್ಲಾ?"

ಅಂಗಡಿಯನ್ನೂ ಅಲ್ಲಿಗೇ ಸಾಗಿಸಬಹುದು ಎಂದೆ. ಅವರು ಯಜಮಾನರ ಕಡೆ ಒಮ್ಮೆ ನೋಡಿ, "ಜಾಗ ಯಾರ್ ಕೊಡ್ತಾರವ್ವ?" ಎಂದು ಕೂತುಬಿಟ್ಟರು.

ಹೊಸ ಸ್ಟಾಪಿನ ಪಕ್ಕ ಒಂದು ಪೆಟ್ಟಿಗೆ ಅಂಗಡಿಗೂ ಜಾಗ ಬಿಡೋಣವೆಂದು ಕಚೇರಿಯಲ್ಲಿ ಕೇಳಿದೆ. ಸಾಹೇಬರು ನಕ್ಕರು. "ರಸ್ತೆ ಪ್ಲಾನಲ್ಲಿ ಟೀ ಅಂಗಡಿ ಬರೆಯೋಕಾಗುತ್ತೇನಮ್ಮ? ಸ್ಟಾಪಿನ ವಿಷಯ ಬಿಟ್ಟು ಮಿಕ್ಕಿದ್ದು ಕಳಿಸಿ."

"ಮಿಕ್ಕಿದ್ದು ಅಂದ್ರೆ ಬರೀ ಬಣ್ಣ ಬಳಿಯೋದು ಸಾರ್."

"ಅಷ್ಟಾದರೂ ಆಗಲಿ," ಎಂದು ಬೇರೆ ಫೈಲು ಎಳೆದುಕೊಂಡರು.

ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಅವತ್ತು ಮನೆಯಲ್ಲಿ ಎಲ್ಲರ ಮೇಲೂ ರೇಗಿದೆ. ಹಂಪು, ಪಟ್ಟೆ, ಫಲಕದ ಕೆಲಸವೇನೋ ಮುಗಿಯಿತು. ಊರಿನವರು ಸಾಹೇಬರಿಗೆ ಹಾರ ಹಾಕಿ ಫೋಟೊ ತೆಗೆಸಿಕೊಂಡರು.

ಈಚೆಗೆ ಆ ಕಡೆ ಹೋದಾಗ ಟೀ ಅಂಗಡಿಯವರು ನನ್ನನ್ನು ಕೂಗಿ ಕರೆದು ಟೀ ಕೊಟ್ಟರು. ಅಷ್ಟರಲ್ಲಿ ಬಸ್ಸು ಬಂದು ತಿರುವಿನಲ್ಲಿ ನಿಂತಿತು. ಇಳಿದ ಹೈಸ್ಕೂಲು ಹುಡುಗಿಯರು ಬಸ್ಸಿನ ಮುಂದಿನಿಂದಲೇ ದಾಟಿದರು. ಕಾರೊಂದು ಕಿರ್ರನೆ ಬ್ರೇಕು ಹಾಕಿ, ಅವರಿಗೆ ತಗುಲುವಷ್ಟು ಹತ್ತಿರ ನಿಂತಿತು. ಹುಡುಗಿಯರು ಕಿಸಕ್ಕನೆ ನಕ್ಕು ಓಡಿದರು.

"ನೋಡ್ಕಂಡ್ ಓಗ್ರಮ್ಮಿ!" ಎಂದು ಕೂಗಿದ ಆಕೆ ನನ್ನ ಮುಖ ನೋಡಲಿಲ್ಲ. ಟೀ ಅರ್ಧಕ್ಕೇ ಬಿಟ್ಟು ಹೊರಟೆ.

ಸ್ಟಾಪು ಬದಲಿಸುವ ಪ್ರಸ್ತಾವವನ್ನು, ಪೆಟ್ಟಿಗೆ ಅಂಗಡಿಯನ್ನೂ ಸೇರಿಸಿ, ಮತ್ತೆ ಕಳಿಸಿದ್ದೇನೆ. ಅದನ್ನು ಯಾರಾದರೂ ತೆರೆದು ನೋಡಿದ್ದಾರೆಂಬ ನಂಬಿಕೆ ನನಗಿಲ್ಲ.